ಶೇವಂತಿ ದೊಡ್ಡವ್ವ ಒಗೆದ ಹನ್ನೆರಡು ತುಂಡು

ರಬಕವಿಯ ನಮ್ಮ ಓಣಿಯಲ್ಲಿ ಶೇವಂತಿ ದೊಡ್ಡವ್ವನಿಗೆ ಎಲ್ಲರೂ ಹೆದರುತ್ತಾರೆ, ಬೂಸರು ಕೂಡ. ನಲವತ್ತು ವರ್ಷ ಕೈಮಗ್ಗದ ನೂಲಿಗೆ ಗಂಜಿ ಹಾಕಿದವಳು. ಮಳೆಗಾಲದಲ್ಲಿ ಊರವರ ನೂಲಿಗೆಲ್ಲ ಬೂಸರು ಹಿಡಿದರೂ ಆಕೆಯದಕ್ಕೆ ಹಿಡಿಯುತ್ತಿರಲಿಲ್ಲ. ಆ ಹೆಸರೇ ಆಕೆಯ ಆಸ್ತಿ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಇಂಥವಳ ಮನೆಗೇ ಹೋದ ವರ್ಷ ಇಬ್ಬರು ಬೂಸರು ಬೆಳೆಸಲು ಬಂದರು. ಒಬ್ಬ ಆಕೆಯ ತಂಗಿಯ ಮಗ ಮಲ್ಲಿನಾಥ, ಸೀರೆಯ ಅಂಚಿಗೆ ಡಿಸೈನ್ ಬರೆಯುವ ಕಲಾವಿದ. ಇನ್ನೊಬ್ಬಳು ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಉಜ್ವಲಾ. ಬಟ್ಟೆಗೆ ಬಣ್ಣ ಕೊಡುವ ಶಿಲೀಂಧ್ರ ಹುಡುಕುವುದು ಆಕೆಯ ಸಂಶೋಧನೆ. ದೀಪಾವಳಿಗೆ ಮೊದಲು ಬನಹಟ್ಟಿಯಲ್ಲಿ ಇಬ್ಬರೂ ಸೇರಿ ಬೂಸರಿನಿಂದ ಬಣ್ಣ ಬಂದ ಬಟ್ಟೆಗಳ ಒಂದು ಪ್ರದರ್ಶನ ಇಡುವವರಿದ್ದರು. ಅದಕ್ಕೆ ತಂಪು ಜಾಗ ಬೇಕಿತ್ತು. ದೊಡ್ಡವ್ವನ ಹಿಂದಿನ ಕೋಣೆಯಲ್ಲಿ ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗಿಂತ ತಂಪು ಜಾಗ ಊರಲ್ಲೇ ಇಲ್ಲ.

“ಓಣ್ಯಾಗ ಯಾರಿಗೂ ಗೊತ್ತಾಗಬಾರದು ನೋಡ್ಲೇ ಮಲ್ಯಾ,” ಎಂದು ಒಪ್ಪಿದಳು.

ಹನ್ನೆರಡು ಡಬ್ಬಿ, ಒಂದೊಂದರಲ್ಲಿ ಒಂದು ಬಿಳಿ ಬಟ್ಟೆಯ ತುಂಡು. ಮೂಲೆಯಲ್ಲಿ ಮಲ್ಲಿನಾಥ ದಾರದಿಂದ ಹೊಲಿದ ನಂಬರು. ಹನ್ನೊಂದಕ್ಕೆ ಬೂಸರು ಬಂದದ್ದು ಹೊರಗಿಂದ: ಸಮೀರವಾಡಿಯ ಕಬ್ಬಿನ ಒಣಗರಿಯ ರವದಿ, ಹುನ್ನೂರಿನ ಕೊಳೆತ ಕಟ್ಟಿಗೆ, ಇಂಥವು. ಹನ್ನೆರಡನೆಯದನ್ನು ಮಾತ್ರ ಉಜ್ವಲಾ ಆ ಕುಣಿಯ ಕಂಬದಿಂದಲೇ ಕೆರೆದು ತೆಗೆದಳು. ದೊಡ್ಡವ್ವನ ಮುಖ ಸಣ್ಣದಾಯಿತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಕಲಾವಿದನಿಗೂ ವಿಜ್ಞಾನಿಗೂ ದಿನಾ ಜಗಳ. ತುಂಡು ಜೋಡಿಸುವಾಗ ಅವನಿಗೆ ಹಳದಿಯ ಪಕ್ಕ ನೇರಳೆ ಬೇಕು, ಇವಳಿಗೆ ಒಂದನೇ ನಂಬರಿನ ಪಕ್ಕ ಎರಡನೆಯದೇ ಬೇಕು. ದೊಡ್ಡವ್ವ ಇಬ್ಬರ ಮುಂದೆಯೂ ರೊಟ್ಟಿ ಇಟ್ಟು ಬಾಯಿ ಮುಚ್ಚಿಸುತ್ತಿದ್ದಳು.

ಅಷ್ಟರಲ್ಲಿ ಪಂಚಮಿ ಬಂತು. ಹಬ್ಬಕ್ಕೆ ನಮ್ಮ ಕಡೆ ಮನೆಯ ಒಂದು ಚಿಂದಿಯೂ ತೊಳೆಯದೆ ಉಳಿಯುವುದಿಲ್ಲ. ಇಬ್ಬರೂ ಜಮಖಂಡಿಗೆ ಹೋಗಿದ್ದ ದಿನ ದೊಡ್ಡವ್ವ ಕೋಣೆ ಸ್ವಚ್ಛ ಮಾಡಲು ಹೋಗಿ ಡಬ್ಬಿ ತೆರೆದಳು. ನಲವತ್ತು ವರ್ಷದ ಕೈ ಸುಮ್ಮನಿರಲಿಲ್ಲ. ಹನ್ನೆರಡನ್ನೂ ಬಿಸಿನೀರು, ಸೋಪು ಹಾಕಿ ತಿಕ್ಕಿ ಒಗೆದು, ಗಂಜಿ ಹಾಕಿ, ಹಗ್ಗದ ಮೇಲೆ ಒಣಹಾಕಿದಳು.

ಸಂಜೆ ಬಂದ ಉಜ್ವಲಾ ಹೊಸ್ತಿಲಲ್ಲೇ ಕುಸಿದು ಅತ್ತಳು. “ಎರಡು ತಿಂಗಳದ ಕೆಲಸರೀ ದೊಡ್ಡವ್ವಾರ!”

“ಹೊಲಸು ಕಂಡು ಕೈ ತಡೀಲಿಲ್ಲ ಯವ್ವಾ,” ಎಂದು ದೊಡ್ಡವ್ವನೂ ಅಳತೊಡಗಿದಳು.

ಹಗ್ಗದ ಹತ್ತಿರ ನಿಂತಿದ್ದ ಮಲ್ಲಿನಾಥ ಕೂಗಿದ: “ಮೇಡಂ, ಇಲ್ಲಿ ಬರ್ರಿ!”

ಹನ್ನೊಂದು ತುಂಡು ಬೆಳ್ಳಗಾಗಿದ್ದವು. ಒಂದು ಮಾತ್ರ ಕೇಸರಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಉಜ್ವಲಾ ಕಣ್ಣೊರೆಸಿಕೊಂಡು ಅದನ್ನು ಮತ್ತೆ ಮೂರು ಸಲ ತಿಕ್ಕಿದಳು. ಬಣ್ಣ ಜಪ್ಪಯ್ಯ ಅನ್ನಲಿಲ್ಲ. ನಂಬರು ನೋಡಿದರೆ ಹನ್ನೆರಡು.

ಆಮೇಲೆ ಉಜ್ವಲಾ ಮೆಲ್ಲಗೆ ಹೇಳಿದಳು: “ಈ ಬೂಸರು ಎಲ್ಲಿ ಸಿಕ್ಕೇತಿ ಅಂತ ಪ್ರದರ್ಶನದಾಗ ಚೀಟಿ ಮ್ಯಾಲ ಬರೀಲಿಕ್ಕೇ ಬೇಕ್ರಿ. ನೀವು ಬ್ಯಾಡ ಅಂದ್ರ ಇದನ್ನ ಇಡೂದೇ ಇಲ್ಲ.”

ಇದನ್ನು ಇಡದಿದ್ದರೆ ಪ್ರದರ್ಶನವೇ ಇಲ್ಲ. ಅದು ದೊಡ್ಡವ್ವನಿಗೂ ಗೊತ್ತಿತ್ತು. ಆ ಕೇಸರಿ ತುಂಡನ್ನು ತಾನೂ ಒಮ್ಮೆ ತಿಕ್ಕಿ ನೋಡಿದಳು.

“ಬರಿ,” ಎಂದಳು ಕೊನೆಗೆ. “ಶೇವಂತಿ ಮನಿ ಬೂಸರು ಅಂತ ದೊಡ್ಡದಾಗಿ ಬರಿ. ಕೆಳಗ, ಒಗದಾಕಿನೂ ಶೇವಂತೀನ ಅಂತ ಬರಿ.”

ಹಾಗೆಯೇ ಬರೆದರು. ಪ್ರದರ್ಶನದ ದಿನ ನಮ್ಮ ಓಣಿಯೇ ಆಟೊ ಮಾಡಿಕೊಂಡು ಬನಹಟ್ಟಿಗೆ ಹೋಯಿತು. ದೊಡ್ಡವ್ವ ಹೊಸ ಸೀರೆಯುಟ್ಟು ಆ ಚೀಟಿಯ ಪಕ್ಕದಲ್ಲೇ ನಿಂತಿದ್ದಳು. ಓಣಿಯಲ್ಲಿ ಎಲ್ಲರಿಗಿಂತ ಬಾಯಿ ಜೋರಿನ ಅನಸವ್ವ ಚೀಟಿ ಓದಿ ಹುಬ್ಬೇರಿಸಿದಳು. ಆಕೆ ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಅಂದಳು:

“ಹೌದವಾ, ನಮ್ಮ ಮನ್ಯಾಂದ. ತಿಕ್ಕಿ ನೋಡು ಬೇಕಾದ್ರ.”