ಸರೋಜಕ್ಕ ಮಾಡಿಸಿದ ಆಣೆ

ಮೊನ್ನೆ ಸಂಜೆ ಪಿಕಡಿಲಿಯಿಂದ ಸ್ಟಾಕ್‌ಪೋರ್ಟಿಗೆ ಬರುವ ರೈಲಿಗೆ ಒಬ್ಬ ಯುವಕ ಆಳುದ್ದದ ಚೀಲವೊಂದನ್ನು ಎಳೆದುಕೊಂಡು ಹತ್ತಿದ. ಅವನು ಹತ್ತಿದ್ದೇ ತಡ, ನಮ್ಮ ಬೋಗಿಯ ಜನಸಂಖ್ಯೆ ಇಳಿಯತೊಡಗಿತು. ಇಂಗ್ಲಿಷರು ಸಭ್ಯರು ನೋಡಿ, ಮೂಗು ಮುಚ್ಚಿಕೊಳ್ಳುವುದಿಲ್ಲ. ಏನೋ ನೆನಪಾದವರ ಹಾಗೆ ಎದ್ದು ಪಕ್ಕದ ಬೋಗಿಗೆ ಹೋಗುತ್ತಾರೆ. ನಾನು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಒಣಗದ ಬೆವರು, ನೆನೆದ ಚರ್ಮ, ಅದರ ಮೇಲೆ ಧಾರಾಳವಾಗಿ ಹೊಡೆದ ಡಿಯೋಡರೆಂಟು. ಇದು ಐಸ್-ಹಾಕಿ ಆಟಗಾರರ ಚೀಲದ ವಾಸನೆ. ಇದರ ಜೊತೆ ಒಂದೇ ಸೂರಿನಡಿ ಬಾಳಿದವನು ಜನ್ಮದಲ್ಲಿ ಮರೆಯುವುದಿಲ್ಲ. ನಾನು ಬಾಳಿದ್ದೇನೆ, ಕೊವೆಂಟ್ರಿಯಲ್ಲಿ, ಸರೋಜಕ್ಕನ ಮನೆಯ ಮಹಡಿಯ ಕೋಣೆಯಲ್ಲಿ, ಎಂ.ಎಸ್ಸಿ. ಓದುವ ನೆಪದಲ್ಲಿ.

ಸರೋಜಕ್ಕ ಧಾರವಾಡದವರು. ಯಜಮಾನರು ಎಜ್‌ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ರೋಟಾ ಎಂಬ ಡ್ಯೂಟಿ ಪಟ್ಟಿಯ ಪ್ರಕಾರ ಮನೆಗೆ ಬಂದು, ರೋಟಾ ಪ್ರಕಾರ ನಿದ್ದೆ ಮಾಡಿ, ರೋಟಾ ಪ್ರಕಾರ ಹೊರಟುಬಿಡುವ ಮನುಷ್ಯ. ಇಬ್ಬರು ಗಂಡುಮಕ್ಕಳು, ದೊಡ್ಡವನು ಸುಹಾಸ, ಚಿಕ್ಕವನು ಸುಮಂತ. ಇಬ್ಬರೂ ಹಾಕಿ ಆಡುತ್ತಾರೆ, ಅದೇ ಅವರ ನೌಕರಿ ಎಂದು ಸರೋಜಕ್ಕ ಮೊದಲ ದಿನವೇ ಹೇಳಿದಾಗ ನಾನು ಬಲ್ಲವನ ಹಾಗೆ ತಲೆಯಾಡಿಸಿ, "ಯಾವ ಮೈದಾನದಲ್ಲಿ?" ಎಂದು ಕೇಳಿದೆ. ಮೈಸೂರಿನವನಿಗೆ ಐಸು ಎಂದರೆ ಕಬ್ಬಿನ ಹಾಲಿಗೆ ಹಾಕುವ ವಸ್ತು. ಅದರ ಮೇಲೆ ನಿಂತು ಸಂಬಳ ತೆಗೆದುಕೊಳ್ಳಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಧಾರವಾಡದವರ ಮಕ್ಕಳು ಈ ಆಟಕ್ಕೆ ಹೇಗೆ ಬಿದ್ದರು ಎಂದು ನೀವು ಕೇಳುತ್ತೀರಿ. ಬದನೆಕಾಯಿಯಿಂದ. ಐಸಿನ ಮೇಲೆ ಜಾರಾಡುವ ಸ್ಕೇಟಿಂಗ್ ರಿಂಕಿನ ಪಕ್ಕದಲ್ಲೇ ಸೂಪರ್‌ಮಾರ್ಕೆಟ್ಟಿತ್ತು. ಎಳೇ ಬದನೆಕಾಯಿ ಆರಿಸಲು ಸರೋಜಕ್ಕನಿಗೆ ಸಾಕಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಇಬ್ಬರನ್ನೂ ರಿಂಕಿನಲ್ಲಿ ಬಿಟ್ಟು ಹೋಗುತ್ತಿದ್ದರು. ಎಣ್ಣೆಗಾಯಿಯ ಮೇಲಿನ ಪ್ರೀತಿಯಿಂದಾಗಿ ಇಂಗ್ಲೆಂಡಿಗೆ ಇಬ್ಬರು ಆಟಗಾರರು ದೊರೆತರು. ಈ ವಿಷಯ ದೇಶಕ್ಕೆ ಇನ್ನೂ ಗೊತ್ತಿಲ್ಲ.

ಸುಹಾಸ ಸಣಕಲ, ಚುರುಕು. ಗೋಲು ಹೊಡೆಯುವುದು ಅವನ ಕೆಲಸ. ತಮ್ಮನಾದರೋ ಬಾಗಿಲಲ್ಲಿ ನಿಂತರೆ ಹಜಾರಕ್ಕೆ ಬೆಳಕು ಬರುತ್ತಿರಲಿಲ್ಲ. ಅವನ ಕೆಲಸ ಹೊಡೆಯುವುದು, ಗೋಲನ್ನಲ್ಲ, ಮನುಷ್ಯರನ್ನು. ನಾನು ತಮಾಷೆ ಮಾಡುತ್ತಿಲ್ಲ. ಆ ಆಟದಲ್ಲಿ ಅದಕ್ಕೆಂದೇ ಒಬ್ಬನನ್ನು ಇಟ್ಟುಕೊಂಡಿರುತ್ತಾರೆ. ಕೈಗವಸು ಕೆಳಗೆ ಬಿಸಾಡಿದರೆ ಜಗಳಕ್ಕೆ ಕರೆದಂತೆ. ಇಬ್ಬರಲ್ಲೊಬ್ಬ ಬೀಳುವವರೆಗೆ ರೆಫರಿಗಳು ಬಿಡಿಸಲು ಬರುವುದಿಲ್ಲ. ಬಿದ್ದವನು ಸೋತ. ಆಮೇಲೆ ಇಬ್ಬರನ್ನೂ ಐದು ನಿಮಿಷ ಗಾಜಿನ ಗೂಡಿನಲ್ಲಿ ಕೂರಿಸುತ್ತಾರೆ, ನಮ್ಮ ಮಿಡ್ಲ್ ಸ್ಕೂಲಿನ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಹಾಗೆ. ಮನೆಯಲ್ಲಿ ಈ ಸುಮಂತನೇ ಜೇಡ ಕಂಡರೆ ನನ್ನನ್ನು ಕೂಗುತ್ತಿದ್ದ.

ಅಣ್ಣ ತಮ್ಮ ಒಂದೇ ತಂಡದಲ್ಲಿದ್ದಷ್ಟು ದಿನ ಸರೋಜಕ್ಕನಿಗೆ ತಕರಾರಿರಲಿಲ್ಲ. ದೊಡ್ಡವನನ್ನು ಯಾರಾದರೂ ಮುಟ್ಟಿದರೆ ಚಿಕ್ಕವನು ನೋಡಿಕೊಳ್ಳುತ್ತಿದ್ದ. ಆದರೆ ಒಂದು ವರ್ಷ ಸುಹಾಸನನ್ನು ಉತ್ತರದ ತಂಡವೊಂದು ಕರೆದುಕೊಂಡಿತು. ತಂಡಗಳ ಹೆಸರು ಹೇಳುವುದಿಲ್ಲ, ಅಭಿಮಾನಿಗಳು ಸಿಟ್ಟಿನವರು. ಸುಮಂತ ಹಳೆಯ ತಂಡದಲ್ಲೇ ಉಳಿದ. ಅವನಿಗೆ ಆ ಸೀಸನ್ ಚೆನ್ನಾಗಿರಲಿಲ್ಲ. ಭುಜದ ನೋವಿನಿಂದ ಹೊಡೆದಾಟ ಕಡಿಮೆಯಾಗಿತ್ತು. ಹೀಗೇ ಆದರೆ ಮುಂದಿನ ವರ್ಷ ಕಾಂಟ್ರಾಕ್ಟ್ ಇಲ್ಲ ಎಂದು ಕೋಚು ನೇರವಾಗಿ ಹೇಳಿದ್ದ. ಕಾಲೇಜು ಅರ್ಧಕ್ಕೆ ಬಿಟ್ಟ ಹುಡುಗ, ಬೇರೆ ವಿದ್ಯೆ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಎರಡೂ ತಂಡಗಳಿಗೆ ಪಂದ್ಯ ಬಿತ್ತು. ಕೋಚು ಸುಮಂತನನ್ನು ಕರೆದು, ಅವರ ಗೋಲು ಹೊಡೆಯುವವನನ್ನು ನೀನು ನೋಡಿಕೋ ಎಂದ. ಗೋಲು ಹೊಡೆಯುವವನು ಎಂದರೆ ಅಣ್ಣ.

ಸುದ್ದಿ ತಿಳಿದ ಸರೋಜಕ್ಕ ರೊಟ್ಟಿ ಬಡಿಯುವುದನ್ನು ಅಲ್ಲಿಗೇ ಬಿಟ್ಟು ಎದ್ದರು. ನಾನು ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ, ಹಾಗಾಗಿ ನಾನೇ ಸಾಕ್ಷಿ.

"ಬಾ ಇಲ್ಲೆ. ನನ್ನ ತಲಿ ಮುಟ್ಟು. ಅಣ್ಣನ ಮ್ಯಾಲೆ ಕೈ ಮಾಡೂದಿಲ್ಲ ಅಂತ ಆಣಿ ಮಾಡು."

"ಮಮ್, ಇಟ್ಸ್ ಮೈ ಜಾಬ್," ಎಂದ ಸುಮಂತ. ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

"ಊರ ಮಂದೀನ್ನೆಲ್ಲಾ ಹೊಡಿ, ನಾ ಏನರ ಅಂದೇನೇನು? ಮನಿ ಮಂದೀನ್ನ ಬಿಡು."

ಬಗ್ಗಿ, ತಾಯಿಯ ತಲೆಯ ಮೇಲೆ ಆ ದೊಡ್ಡ ಕೈಯಿಟ್ಟು ಸುಮಂತ ಆಣೆ ಮಾಡಿದ. ಮುಖ ಸಣ್ಣದಾಗಿತ್ತು. ಆಣೆ ತಪ್ಪಿದರೆ ತಲೆ ಯಾರದೋ ಅವರಿಗೇ ಕೇಡು ಎಂಬುದು ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಹುಡುಗನಿಗೂ ಗೊತ್ತಿತ್ತು, ಅವನು ನಂಬಿಯೂ ಇದ್ದ. ಇಲ್ಲಿ ಸರೋಜಕ್ಕ ಒಂದು ತಪ್ಪು ಮಾಡಿದರು. ಆಣೆಯನ್ನು ಚಿಕ್ಕವನಿಂದ ಮಾತ್ರ ಮಾಡಿಸಿದರು. ದೊಡ್ಡವನಿಗೆ ಫೋನಿನಲ್ಲಿ ವಿಷಯ ತಿಳಿಸಿ, ಚೆನ್ನಾಗಿ ಊಟ ಮಾಡು ಎಂದರು, ಅಷ್ಟೆ. ಇರುವೆ ಕಂಡರೆ ದಾಟಿ ಹೋಗುವವನಿಂದ ಯಾವ ತಾಯಿ ತಾನೇ ಆಣೆ ಮಾಡಿಸುತ್ತಾಳೆ?

ಪಂದ್ಯ ಭಾನುವಾರ ಮಧ್ಯಾಹ್ನ, ಸುಹಾಸನ ತಂಡದ ರಿಂಕಿನಲ್ಲಿ. ಯಜಮಾನರದು ರೋಟಾ, ಸರೋಜಕ್ಕನಿಗೆ ಡ್ರೈವಿಂಗ್ ಬಾರದು, ಆದ್ದರಿಂದ ಸಾರಥಿ ನಾನು. ದಾರಿಯುದ್ದಕ್ಕೂ ಅವರು ತೊಡೆಯ ಮೇಲೆ ರೊಟ್ಟಿಯ ಡಬ್ಬಿ ಇಟ್ಟುಕೊಂಡು ಲಾರಿಗಳನ್ನು ನೋಡುತ್ತಿದ್ದರು. ರಿಂಕಿನೊಳಗೆ ಹೊರಗಿಗಿಂತ ಹೆಚ್ಚು ಚಳಿ. ದುಡ್ಡು ಕೊಟ್ಟು ಚಳಿಯಲ್ಲಿ ಕೂರುವ ಈ ಜನರ ಬಗ್ಗೆ ನನಗೆ ಹೇಳುವುದು ಬಹಳವಿದೆ, ಆದರೆ ಈಗ ಬೇಡ.

ಸುಮಂತ ಕೊಟ್ಟ ಮಾತಿನಂತೆ ನಡೆದುಕೊಂಡ. ಅಣ್ಣ ಎಡಕ್ಕೆ ಬಂದರೆ ಬಲಕ್ಕೆ ಹೋದ, ಬಲಕ್ಕೆ ಬಂದರೆ ಶೂ ಲೇಸು ನೋಡಿಕೊಂಡ. ಸುಹಾಸ ಆರಾಮವಾಗಿ ಒಂದು ಗೋಲು ಹೊಡೆದ. ಕೋಚು ಬೆಂಚಿನ ಹಿಂದೆ ಕೈಕಟ್ಟಿ ನಿಂತಿದ್ದ. ಕೊವೆಂಟ್ರಿ ಕಡೆಯಿಂದ ಬಸ್ಸು ಮಾಡಿಕೊಂಡು ಬಂದಿದ್ದ ಸುಮಂತನ ಅಭಿಮಾನಿಗಳೇ ಅವನನ್ನು ಗೇಲಿ ಮಾಡಿ ಕೂಗತೊಡಗಿದರು. ಆಟ ತಿಳಿಯದ ನನಗೂ ತಿಳಿಯಿತು, ಹುಡುಗನ ನೌಕರಿ ನಮ್ಮ ಕಣ್ಣೆದುರೇ ಹೋಗುತ್ತಿತ್ತು.

ಆಗ ಸುಹಾಸ ಕೈಗವಸು ಬಿಸಾಡಿದ. ನೇರ ಬಂದು ತಮ್ಮನ ದವಡೆಗೆ ಒಂದು ಬಿಟ್ಟ. ಜನ್ಮದಲ್ಲಿ ಯಾರಿಗೂ ಹೊಡೆಯದವನ ಏಟು ಅದು, ಏಟೆಂದು ಕರೆಯಲು ನಾಚಿಕೆಯಾಗುತ್ತದೆ. ಸುಮಂತ ಬೆಪ್ಪಾಗಿ ನಿಂತ. ಇನ್ನೊಂದು ಬಿತ್ತು. ಅವನು ಗಾಬರಿಯಿಂದ ಅಣ್ಣನ ಜೆರ್ಸಿ ಹಿಡಿದುಕೊಂಡ, ಅಷ್ಟೆ. ಇಬ್ಬರೂ ಒಂದು ಸುತ್ತು ತಿರುಗಿದರು, ಧೊಪ್ಪನೆ ಬಿದ್ದರು. ಅಣ್ಣ ಕೆಳಗೆ, ತಮ್ಮ ಮೇಲೆ. ಸುಹಾಸನ ಮೂಗಿನಿಂದ ರಕ್ತ. ಬಸ್ಸಿನವರು ಕುಣಿದಾಡಿಬಿಟ್ಟರು. ಕೋಚು ಕಟ್ಟಿದ ಕೈ ಬಿಚ್ಚಿ ಚಪ್ಪಾಳೆ ತಟ್ಟಿದ.

ಸರೋಜಕ್ಕ ಎಲ್ಲಿ ಎಂದು ನೋಡಿದರೆ, ಅವರು ಆಗಲೇ ಮೆಟ್ಟಿಲಿಳಿದು ಸುಮಂತನನ್ನು ಕೂರಿಸಿದ್ದ ಗೂಡಿನ ಗಾಜು ಬಡಿಯುತ್ತಿದ್ದರು.

"ತಲಿ ಮುಟ್ಟಿ ಆಣಿ ಮಾಡಿದ್ದಿಲ್ಲೇನು? ನಿನ್ನ ಕೈ ಸೇದಿಹೋಗ್ಲಿ. ನಾ ಸಾಯ್ಲಿ ಅಂತ ಮಾಡಿಯೇನು?"

ಮೊದಲ ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ನನ್ನ ತೋಳು ಜಗ್ಗಿ, "ವಾಟ್ಸ್ ಶಿ ಸೇಯಿಂಗ್, ಲವ್?" ಎಂದಳು. ಮಗನನ್ನು ಹುರಿದುಂಬಿಸುತ್ತಿದ್ದಾರೆ ಎಂದೆ. ಮುದುಕಿಗೆ ಬಹಳ ಸಂತೋಷವಾಯಿತು.

ಪಂದ್ಯ ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ಡಿಕ್ಕಿ ತೆರೆದು ಊಟಕ್ಕಿಟ್ಟೆವು. ಮೂಗಿಗೆ ಹತ್ತಿ ತುರುಕಿಕೊಂಡು ಸುಹಾಸ ಬಂದ. ತಂಡದ ಬಸ್ಸು ಹೊರಡುವ ಮುಂಚೆ ಸುಮಂತನೂ ಬಂದ, ದೂರದಲ್ಲೇ ನಿಂತ. ಸರೋಜಕ್ಕ ದೊಡ್ಡವನ ತಟ್ಟೆಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ ಡಬ್ಬಿಯ ಮುಚ್ಚಳ ಹಾಕಿದರು.

"ಅಮ್ಮಾ, ಅವಗೂ ಹಾಕು," ಎಂದ ಸುಹಾಸ. "ಅವ ಒಂದು ಏಟೂ ಹೊಡಿಲಿಲ್ಲ. ನಾನ ಹೊಡದೆ, ನಾನ ಬಿದ್ದೆ. ಅವನ ಕಡೆ ಆಣಿ ತಗೊಂಡಿದ್ದಿ, ನನ್ನ ಕಡೆ ಎಲ್ಲೆ ತಗೊಂಡಿದ್ದಿ?"

"ಮತ್ತ ಮೂಗು?"

"ಅವನ ಹೆಲ್ಮೆಟ್ ಬಡೀತು. ಎಷ್ಟು ತೂಕ ಅದಾನ ನೋಡು."

ಸರೋಜಕ್ಕ ಇಬ್ಬರನ್ನೂ ನೋಡಿದರು. ಬಸ್ಸಿನ ಕಡೆ ಹೋಗುತ್ತಿದ್ದ ಇಬ್ಬರು ಆಟಗಾರರು ಸುಮಂತನ ಬೆನ್ನು ತಟ್ಟಿ, ಭಲೆ ಎಂದು ಹೋದರು. ಅವನು ತಲೆ ಎತ್ತಲಿಲ್ಲ. ಅಷ್ಟು ದೊಡ್ಡ ಮನುಷ್ಯ ಅಳುತ್ತಿದ್ದ. "ನನಗ ಬೇಕಾಗಿರ್ಲಿಲ್ಲ," ಎಂದ ಅಣ್ಣನಿಗೆ. ನಾನು ಅವನ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಚಟ್ನಿ ಖಾರವಾಯಿತು ಎಂದು ನಾನು ತಿರುಗಿಕೊಂಡೆ.

ಸರೋಜಕ್ಕ ಎರಡು ರೊಟ್ಟಿ ಸುರುಳಿ ಮಾಡಿ ಅವನ ಕೈಗಿಟ್ಟರು. "ಸುಮ್ಮನ ತಿನ್ನು. ಅವ ನಿನಕಿಂತ ಮೊದಲ ಹುಟ್ಯಾನ. ಅದಕ್ಕ ನೀ ಏನ್ ಮಾಡಾಂವ?"

ಸುಮಂತನ ಕಾಂಟ್ರಾಕ್ಟ್ ಮುಂದುವರಿಯಿತು. ಭುಜವೂ ಸರಿಹೋಯಿತು, ಈಗಲೂ ಆಡುತ್ತಿದ್ದಾನೆ. ಸುಹಾಸನಿಗೆ ಮಾತ್ರ ಆ ಪಂದ್ಯ ಅಂಟಿಕೊಂಡಿತು. ತಮ್ಮನಿಂದ ಒದೆ ತಿಂದವನು ಎಂದು ಊರೂರಲ್ಲೂ ಎದುರು ತಂಡದ ಅಭಿಮಾನಿಗಳು ಹಾಡು ಕಟ್ಟಿ ಹಾಡುತ್ತಾರೆ. ಅವನು ಅವರತ್ತ ಕೈಬೀಸಿ ಗೋಲು ಹೊಡೆಯುತ್ತಾನೆ. ನಿಜ ಗೊತ್ತಿದ್ದವರು ನಾವು ನಾಲ್ವರು, ಈಗ ನೀವು ಐದನೆಯವರು. ದಯವಿಟ್ಟು ಎಲ್ಲೂ ಹೇಳಬೇಡಿ.

ಸ್ಟಾಕ್‌ಪೋರ್ಟಿನಲ್ಲಿ ಇಳಿದು ಮನೆಗೆ ಬಂದರೆ ನನ್ನ ಹೆಣ್ಣುಮಕ್ಕಳಿಬ್ಬರೂ ಕಾರ್ಪೆಟ್ಟಿನ ಮೇಲೆ ಕುಸ್ತಿಗೆ ಬಿದ್ದಿದ್ದರು. ದೊಡ್ಡವಳಿಗೆ ಹನ್ನೆರಡು, ಚಿಕ್ಕವಳಿಗೆ ಏಳು. ಚಿಕ್ಕವಳು ಮೇಲೆ ಕೂತಿದ್ದಳು. ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಅವಳ ಕಿವಿ ಹಿಂಡಿ ಎಬ್ಬಿಸಿ, ಇಷ್ಟು ಉದ್ದ ಬೆಳೆದಿದ್ದೀಯ, ನಿನಗೇನಾಗಿದೆ ಎಂದು ದೊಡ್ಡವಳಿಗೂ ಬೈಯುತ್ತಿದ್ದೆ. ಅಂದು ಬಿಡಿಸಲಿಲ್ಲ. ಗೆದ್ದವಳಿಗೆ ಭೇಷ್ ಎಂದೆ. ಊಟಕ್ಕೆ ಕೂತಾಗ ದೊಡ್ಡವಳ ತಟ್ಟೆಗೆ ಮೊದಲು ಬಡಿಸಿದೆ.

"ವೈ ಹರ್ ಫಸ್ಟ್? ಐ ವನ್," ಎಂದು ಚಿಕ್ಕವಳು ತಕರಾರು ತೆಗೆದಳು.

"ಹೌದು ಪುಟ್ಟಾ, ನೀನೇ ಗೆದ್ದಿದ್ದು," ಎಂದೆ. ದೊಡ್ಡವಳು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ಅವಳ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದೆ.