ಮಾತಾಡುವ ರೈಲುಗಳ ಕತೆ ಕೇಳಿದ ಅಪ್ಪ

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾನು ರೋಣದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಯಾರೋ ಶಾಲೆಗೆ ಒಂದು ಡಬ್ಬಿ ಹಳೆಯ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಅಂಗೈಯಗಲದ ಒಂದಷ್ಟು ಪುಸ್ತಕಗಳಿದ್ದವು. ಬ್ರಿಟನ್ನಿನಲ್ಲಿ ದಶಕಗಟ್ಟಲೆ ಒಂದಾದ ಮೇಲೊಂದು ಬಂದ ಮಕ್ಕಳ ಸರಣಿಯವು. ಅವುಗಳಲ್ಲಿ ರೈಲಿನ ಎಂಜಿನ್ನುಗಳಿಗೆ ಮುಖವಿರುತ್ತದೆ. ಅವು ಮಾತಾಡುತ್ತವೆ, ಜಂಬ ಕೊಚ್ಚುತ್ತವೆ, ಬೈಸಿಕೊಳ್ಳುತ್ತವೆ. ಸಂಜೆ ದಿನಕ್ಕೊಂದನ್ನು ಮನೆಗೆ ತಂದು ಆರು ವರ್ಷದ ಮಗಳಿಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ.

ಅಪ್ಪ ನಮ್ಮ ಜೊತೆಗೇ ಇದ್ದ. ಗದಗಿನಿಂದ ವಿಜಾಪುರದ ಕಡೆ ಹೋಗುವ ಲೈನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವ. ನಿವೃತ್ತನಾದ ಮೇಲೆ ಒಮ್ಮೆಯೂ ರೈಲಿನ ಮಾತೆತ್ತಿರಲಿಲ್ಲ. ಕಟ್ಟೆಯ ಮೇಲೆ ಗೋಡೆಗೊರಗಿ ಕೂತು ಅವನೂ ಕತೆ ಕೇಳುತ್ತಿದ್ದ.

ಒಂದು ಸಂಜೆಯ ಕತೆಯಲ್ಲಿ ಎಂಜಿನ್ನು ಹಳಿ ತಪ್ಪಿ ಕೆಸರಿಗೆ ಬಿತ್ತು. ಮಗಳು ಬಿದ್ದು ಬಿದ್ದು ನಕ್ಕಳು.

"ಯಾರೂ ಸಾಯಲಿಲ್ಲೇನು?" ಎಂದ ಅಪ್ಪ.

"ಹುಡುಗರ ಪುಸ್ತಕಪಾ. ಇದರಾಗ ಯಾರೂ ಸಾಯಂಗಿಲ್ಲ."

ಮರುದಿನದ ಕತೆಯಲ್ಲಿ ಒಂದು ಎಂಜಿನ್ನು ತಾನು ಮಾಡಿದ ತಪ್ಪನ್ನು ಇನ್ನೊಂದರ ಮೇಲೆ ಹೊರಿಸಿತು, ಆಮೇಲೆ ತಪ್ಪೊಪ್ಪಿಕೊಂಡಿತು.

"ಖರೇ ಹೇಳಾಕ ಎಷ್ಟ ದಿನಾ ತಗೊಂತು ಅದು?" ಎಂದ ಅಪ್ಪ.

"ಒಂದ ದಿನಾಪಾ."

ಅಪ್ಪ ಎದ್ದು ಒಳಗೆ ಹೋದ. ಊಟಕ್ಕೂ ಬರಲಿಲ್ಲ. ಬೆಳಿಗ್ಗೆ ಮಗಳು ಶಾಲೆಗೆ ಹೊರಟ ಮೇಲೆ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದ. ಮೂವತ್ತು ವರ್ಷದ ಹಿಂದೆ ಅವನನ್ನೂ ರಾಜೂರಿನ ಗೆಳೆಯನೊಬ್ಬನನ್ನೂ ಹಳಿಯ ಬೋಲ್ಟು ಬಿಗಿಮಾಡಲು ಒಂದು ತಿರುವಿಗೆ ಕಳಿಸಿದ್ದರು. ಗೆಳೆಯ ಬಗ್ಗಿ ಕೆಲಸ ಮಾಡುವಾಗ ಕೆಂಪು ಬಾವುಟ ಹಿಡಿದು, ಗಾಡಿ ಬಂದರೆ ಸೀಟಿ ಊದುವುದು ಅಪ್ಪನ ಕೆಲಸ. ಬಿಸಿಲು ಬಹಳ ಇತ್ತು. ಅಪ್ಪ ಬೇವಿನ ಗಿಡದ ಕೆಳಗೆ ಕೂತ, ನಿದ್ದೆ ಹತ್ತಿತು. ಎಚ್ಚರಾದಾಗ ಗಾಡಿ ಗೆಳೆಯನ ಮೇಲೆ ಹಾದು ಹೋಗಿತ್ತು.

"ವಿಚಾರಣಿಯೊಳಗ ಸೀಟಿ ಊದಿದ್ನಿ ಅಂದೆ. ಅಂವ ಕುಡದಿದ್ದ, ಕೇಳಲಿಲ್ಲ ಅಂದೆ. ನೌಕರಿ ಉಳೀತು."

ಆ ನೌಕರಿಯಲ್ಲೇ ನಾನು ಓದಿದ್ದು.

"ರಾಜೂರಿಗೆ ಕರಕೊಂಡ ಹೋಗವಾ," ಎಂದ.

ಭಾನುವಾರ ಗಜೇಂದ್ರಗಡದಲ್ಲಿ ಬಸ್ಸು ಬದಲಿಸಿ ರಾಜೂರಿಗೆ ಹೋದೆವು. ಸತ್ತವನ ಹೆಂಡತಿ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅಪ್ಪ ನಿಂತುಕೊಂಡೇ ಎಲ್ಲ ಹೇಳಿದ. ಅವಳ ಕೈ ನಿಂತಿತು.

"ಅವರು ಕುಡದಿದ್ದಿಲ್ಲೇನ್ರಿ?"

"ಇಲ್ಲವಾ. ಅಂವ ಎಂದೂ ಕುಡದಾಂವಲ್ಲ."

"ಅದು ನನಗ ಗೊತ್ತಿತ್ರಿ. ಆದ್ರ ಆಗ ನಿಮ್ಮ ಮಾತ ಕೇಳಿ, ಕದ್ದು ಕುಡೀತಿದ್ರೇನೋ ಅನ್ಕೊಂಡೆ. ಅವರ ಗೋರಿಗೆ ಒಂದ ಹೂವನೂ ಕಳಿಸಿಲ್ರಿ ನಾನು." ಮೊರ ಕೆಳಗಿಟ್ಟು ಹೇಳಿದಳು, "ಮಗ ಬರೂತನಾ ಕುಂದರ್ರಿ. ಅವಂಗೂ ಹೇಳ್ರಿ."

ಎರಡು ತಾಸು ಕೂತೆವು. ಮಗ ಬಂದ, ಅಪ್ಪನಿಗಿಂತ ಎತ್ತರದ ಆಳು. ಅಪ್ಪ ಮತ್ತೆ ಎದ್ದು ನಿಂತು ಮೊದಲಿನಿಂದ ಹೇಳಿದ. ಅವನು ಹೊಡೆಯುತ್ತಾನೆ ಎಂದು ನಾನು ಅಡ್ಡ ಹೋಗಲು ತಯಾರಾದೆ.

"ಕುಡುಕನ ಮಗಾ ಅಂದವರ ಜೋಡಿ ಸಣ್ಣಾಂವಿದ್ದಾಗ ಬಡದಾಡ್ತಿದ್ನಿ," ಎಂದ ಅವನು. "ಆಮ್ಯಾಲೆ ಖರೇ ಇರಬೇಕು ಅಂತ ಬಿಟ್ಟಬಿಟ್ಟೆ. ಇನ್ನ ಹೋಗ್ರಿ ನೀವು."

ತಾಯಿ ತಲೆ ಎತ್ತಲಿಲ್ಲ. ಕ್ಷಮಿಸು ಎಂದು ಅಪ್ಪ ಕೇಳಲೂ ಇಲ್ಲ.

ಮನೆಗೆ ಬಂದ ಮೇಲೆ ಹಲವು ದಿನ ನಾನು ಅವನ ತಾಟಿಗೆ ರೊಟ್ಟಿ ಹಾಕುತ್ತಿದ್ದೆ, ಮಾತಾಡುತ್ತಿರಲಿಲ್ಲ. ಅಷ್ಟು ಸಿಟ್ಟಿತ್ತು. ಸಿಟ್ಟು ಇಳಿಯುವ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ. ಮುಂದಿನ ಚಳಿಗಾಲದಲ್ಲಿ ತೀರಿಕೊಂಡ. ರಾಜೂರಿಗೆ ಹೇಳಿ ಕಳಿಸಿದೆ. ಯಾರೂ ಬರಲಿಲ್ಲ. ಬರುತ್ತಾರೆಂದು ಕಳಿಸಿರಲಿಲ್ಲ, ತಿಳಿಸಬೇಕಿತ್ತು, ತಿಳಿಸಿದೆ.