ಚುಚ್ಚಬಾರದ ಸಾಸೇಜು

ಬೇಯುತ್ತಿರುವುದನ್ನು ಚುಚ್ಚಿ ನೋಡದೆ ಇರುವುದು ನನ್ನಿಂದಾಗದು. ಆಲೂಗಡ್ಡೆಗೆ ಚಾಕು, ಇಡ್ಲಿಗೆ ಚಮಚದ ಹಿಡಿ, ಕೇಕಿಗೆ ಕಡ್ಡಿ. "ಪಾಪ, ಅದರ ಪಾಡಿಗೆ ಬೇಯೋಕೆ ಬಿಡೇ. ನೀನು ನರ್ಸ್ ಆಗ್ಬೇಕಿತ್ತು" ಎನ್ನುತ್ತಾರೆ ನಮ್ಮವರು.

ಇಂಥ ನನ್ನ ಕೈಗೆ ಒಮ್ಮೆ ಡಚ್ಚರ ಸಾಸೇಜು ಸಿಕ್ಕಿತು. ನಾವೀಗ ಇರುವ ಆಗ್ನೇಯ ಏಷ್ಯಾದ ದ್ವೀಪನಗರದಲ್ಲಿ, ಪಾಸಿರ್ ಪಂಜಾಂಗ್‌ನ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವಳು ಕಾರ್ಲಾ, ಹಡಗಿನ ಕಂಪನಿಯಲ್ಲಿ ಕೆಲಸ. ಅವಳ ಅಮ್ಮ ಹಾಲೆಂಡಿನಿಂದ ಬಂದು ವಾರವಾಗಿತ್ತು. ಸೆಕೆಗೆ ಸೋತ ಆ ಅಜ್ಜಿ ಬಿಸ್ಕತ್ತು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಕಾರ್ಲಾಗೆ ಅದೇ ಚಿಂತೆ. ಎಲ್ಲೆಲ್ಲೋ ಹುಡುಕಿ ಅವರೂರಿನ ಹಸಿ ಸಾಸೇಜು ತಂದಳು. ಹೊಗೆ ಹಾಕದ, ಒಣಗಿಸದ, ಹಂದಿಮಾಂಸ ಕೊಚ್ಚಿ ಕರುಳಿಗೆ ತುಂಬಿದ್ದು. ನಾನು ಮಾತಾಡಿಸಲು ಹೋದಾಗ ಅದು ಬೆಣ್ಣೆಯಲ್ಲಿ ಸದ್ದು ಮಾಡುತ್ತಿತ್ತು. ಅಷ್ಟರಲ್ಲಿ ಅವಳಿಗೆ ಆಫೀಸಿನ ಕಾಲ್ ಬಂತು. "ಸಣ್ಣ ಉರಿಯಲ್ಲೇ ಇರ್ಲಿ, ಆಗಾಗ ಹೊರಳಿಸಿ. ಏನೇ ಆದ್ರೂ ಚುಚ್ಬೇಡಿ, ರಸ ಎಲ್ಲಾ ಹೋಗತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿ ರೂಮು ಸೇರಿದಳು.

ಮಡಿಕೇರಿಯಲ್ಲಿ ಬೆಳೆದ ನನಗೆ ಹಂದಿಮಾಂಸ ಹೊಸದಲ್ಲ. ಆದರೆ ಈ ಘಮದಲ್ಲಿ ಜಾಯಿಕಾಯಿ ಇತ್ತು. ಡಚ್ಚರು ಈ ಕಡೆಯ ದ್ವೀಪಗಳಿಂದಲೇ ಹಿಂದೆ ಹಡಗು ತುಂಬಿಕೊಂಡು ಹೋದ ಜಾಯಿಕಾಯಿ, ಈಗ ಸಾಸೇಜಿನ ಹೊಟ್ಟೆಯಲ್ಲಿ ಕೂತು ತವರಿಗೆ ಬಂದಿದೆಯಲ್ಲ ಎಂದು ಯೋಚಿಸುತ್ತಿದ್ದಂತೆ ನನ್ನ ಕೈ ಫೋರ್ಕನ್ನು ಎತ್ತಿತ್ತು.

"ನೇ, ನೇ, ನೇ."

ಬೇಡವೆಂದು ಹೇಳಲು ಭಾಷೆ ಕಲಿಯಬೇಕಾಗಿಲ್ಲ. ಸೋಫಾದಲ್ಲಿ ಒರಗಿದ್ದ ಅಜ್ಜಿ ಎದ್ದು ಬಂದು ಫೋರ್ಕು ಕಿತ್ತುಕೊಂಡರು. ಉರಿ ಇನ್ನಷ್ಟು ತಗ್ಗಿಸಿ, ಬಾಣಲೆಗೆ ತುಸು ನೀರು ಹಾಕಿ ಮುಚ್ಚಿದರು. ನನಗೆ ಬಾರದ ಭಾಷೆಯಲ್ಲಿ, ನನಗೆ ಚೆನ್ನಾಗಿ ಅರ್ಥವಾಗುವಂತೆ ಬೈದರು. ಪಕ್ಕದ ಒಲೆಯಲ್ಲಿ ಬೆಂದಿದ್ದ ಆಲೂಗಡ್ಡೆಯನ್ನು ಸೊಪ್ಪಿನ ಜೊತೆ ತಾವೇ ಹಿಸುಕಿದರು. ತಟ್ಟೆಯಲ್ಲಿ ಅದನ್ನು ಗುಡ್ಡೆ ಮಾಡಿ, ನಡುವೆ ಗುಣಿ ತೋಡಿ, ಬಾಣಲೆಯ ಬೆಣ್ಣೆರಸ ಸುರಿದು, ಪಕ್ಕಕ್ಕೆ ಸಾಸೇಜು, ಒಂದಿಷ್ಟು ಅರೆದ ಸಾಸಿವೆ ಇಟ್ಟರು. ಅನ್ನದ ಗುಣಿಗೆ ಸಾರು ಹುಯ್ದುಕೊಳ್ಳುವ ನಾವು ಇವರಿಗೆ ಎಲ್ಲೋ ನೆಂಟರಿರಬೇಕು.

ಕಾರ್ಲಾ ಹೊರಬಂದಾಗ ಅಜ್ಜಿ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

"ಏನ್ ಮಾಡಿದ್ರಿ ನೀವು?" ಎಂದಳು, ಕಣ್ಣು ತುಂಬಿಕೊಂಡು.

"ಏನೂ ಮಾಡೋಕೆ ಬಿಡ್ಲಿಲ್ಲ ಅವರು" ಎಂದೆ.

ಬಡಿಸಿಟ್ಟು ಮುಖ ನೋಡುತ್ತ ಕೂತರೆ ಹಸಿವು ನಾಚಿಕೊಳ್ಳುತ್ತದೆ. ಯಾರೋ ಅಡುಗೆ ಕೆಡಿಸುತ್ತಿದ್ದಾರೆಂದು ಗೊತ್ತಾದರೆ ತಾನೇ ಎದ್ದು ಬರುತ್ತದೆ. ಊರಿನಿಂದ ಬಂದ ನಮ್ಮತ್ತೆ ಊಟ ಸೇರುತ್ತಿಲ್ಲ ಎಂದರೆ ನಾನೀಗ ಬಲವಂತ ಮಾಡುವುದಿಲ್ಲ. ಅವರಿಗೆ ಕಾಣುವ ಹಾಗೆ ಒಲೆಯ ಮುಂದೆ ನಿಂತು, ನಮ್ಮೂರಿನ ಹಂದಿ ಸಾರು ಪಂದಿಕರಿಗೆ ಹಾಕಲೆಂದು ಟೊಮೇಟೊ ಕೆಚಪ್ಪಿನ ಬಾಟಲಿ ಎತ್ತಿಕೊಳ್ಳುತ್ತೇನೆ.